ಬಿಟ್ಟಿದ್ದರೆ ಏನಾಗುತ್ತಿದ್ದರು

ಯಾರೂ ಕೇಳಿಸಿಕೊಳ್ಳದೆ ಇರಬಹುದಿತ್ತು. ಎಲ್ಲರೂ ಕೇಳಿಸಿಕೊಂಡು ಯಾರಿಗೂ ಅರ್ಥವಾಗದೆ ಇರಬಹುದಿತ್ತು. ಅರ್ಥವಾಗಿ ಸಿಟ್ಟು ಬರಬಹುದಿತ್ತು. ನಾನು ಹೆಚ್ಚು ಹೆದರಿದ್ದು ಇದಕ್ಕೇ. ನನ್ನ ಕಥೆಯ ಅನ್ಯಲೋಕದವರು ಯಾವ ಜನ, ಯಾವ ದೇವರ ಒಕ್ಕಲು ಎಂದು ಯಾರಾದರೂ ಕೇಳಿ, ನಾನು ಗಾಬರಿಯಲ್ಲಿ ಏನೋ ಒಂದು ಹೇಳಿ, ಊರಲ್ಲಿ ಎರಡು ಪಕ್ಷವಾಗಬಹುದಿತ್ತು. ವಿಜ್ಞಾನದ ಮೇಷ್ಟ್ರು ಸುಳ್ಳು ಹೇಳಿಕೊಂಡು ಕೂತಿದ್ದಾರೆಂದು ಮೇಲಿನವರಿಗೆ ಅರ್ಜಿ ಹೋಗಬಹುದಿತ್ತು. ಓದುವಾಗ ಕನ್ನಡಕ ಜಾರಿ ರೇಷ್ಮೆ ಹುಳದ ಮೇಲೆ ಬೀಳಬಹುದಿತ್ತು. ನನ್ನ ದೃಷ್ಟಿ ತಾಕಿ ಬೆಳೆ ಕೆಟ್ಟಿತೆಂದು ರೂಮು ಖಾಲಿ ಮಾಡಿಸಬಹುದಿತ್ತು. ಕನಕಪುರದಲ್ಲಿದ್ದ ನನ್ನ ಹೆಂಡತಿ ಶೋಭಾಗೆ ಸುದ್ದಿ ಮುಟ್ಟಿ, ಅವಳು ಫೋನಿನಲ್ಲಿ ಏನೂ ಅನ್ನದೆ ಸುಮ್ಮನಿರಬಹುದಿತ್ತು. ಅದು ಎಲ್ಲಕ್ಕಿಂತ ಕೆಟ್ಟದ್ದು.

ಇಂಥ ಹದಿನೆಂಟು ಸಾಧ್ಯತೆಗಳನ್ನು ನಾನು ನಂಬರು ಹಾಕಿ ಶಾಲೆಯ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. ನಾಳೆ ಒಂದು ಕಥೆ ಓದಬೇಕು, ಅಷ್ಟೇ ವಿಷಯ. ನಲವತ್ತೆಂಟು ವರ್ಷದ ಮನುಷ್ಯ.

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ. ಕನಕಪುರದಿಂದ ಬಸ್ಸಿನಲ್ಲಿ ರಾಮನಗರಕ್ಕೆ ಬರುತ್ತಿದ್ದೆ. ಬಂಡೆಗಳೆಲ್ಲ ಕಾಣಿಸಿ ಊರು ಹತ್ತಿರವಾದಾಗ ಕಿಟಕಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಬಂತು. ಬಿಸಿನೀರು, ಒದ್ದೆ ನೂಲು, ಒಳಗೆ ಬೆಂದ ಹುಳ, ಮೂರೂ ಕಲೆತ ವಾಸನೆ. ಪಕ್ಕದಲ್ಲಿದ್ದವರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ನಾನು ಮಾತ್ರ ಕಿಟಕಿಯ ಗಾಜನ್ನು ಇನ್ನೂ ಒಂದಿಷ್ಟು ಸರಿಸಿದೆ. ಅವರು ನನ್ನನ್ನು ನೋಡಿದ ರೀತಿ ಚೆನ್ನಾಗಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಳೆಗಾಲ. ಚನ್ನಪಟ್ಟಣ ತಾಲ್ಲೂಕು, ಅಕ್ಕೂರಿನಿಂದ ಒಂದಿಷ್ಟು ಒಳಕ್ಕೆ ಇರುವ ಹಳ್ಳಿಯ ಹೈಸ್ಕೂಲಿಗೆ ನನಗೆ ವರ್ಗವಾಗಿತ್ತು. ಊರಿನ ಹೆಸರು ಬರೆಯುವುದಿಲ್ಲ; ಬರೆದರೆ ಯಾರಾದರೂ ಫೋನ್ ಮಾಡುತ್ತಾರೆ. ಅಲ್ಲಿ ಸಿದ್ದಣ್ಣ ಎಂಬವನ ಮನೆಯ ಮುಂದಿನ ರೂಮನ್ನು ಬಾಡಿಗೆಗೆ ಹಿಡಿದೆ. ಸಿದ್ದಣ್ಣನಿಗೆ ಎರಡೂವರೆ ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಉದ್ದನೆಯ ಹುಳದ ಮನೆ. ತೋಟ ಸಿದ್ದಣ್ಣನದು, ಹುಳ ಅವನ ಹೆಂಡತಿ ಗೌರಮ್ಮನದು. ಇಬ್ಬರ ಮೇಲೂ ಕಣ್ಣಿಡಲು ಸಿದ್ದಣ್ಣನ ತಾಯಿ, ಪುಟ್ಟಜ್ಜಿ.

ರೂಮು ಕೊಡುವಾಗ ಗೌರಮ್ಮ ಹಾಕಿದ ಷರತ್ತುಗಳು ಯಾವ ಸರಕಾರಿ ಸುತ್ತೋಲೆಗೂ ಕಡಿಮೆ ಇರಲಿಲ್ಲ. ಸೊಳ್ಳೆಬತ್ತಿ ಹಚ್ಚಬಾರದು, ಹುಳ ಸಾಯುತ್ತವೆ. ಊದುಬತ್ತಿ ಕೂಡದು. ಸೆಂಟು, ಪೌಡರು, ತಲೆಗೆ ಘಮಘಮ ಎಣ್ಣೆ ಯಾವುದೂ ಕೂಡದು. ಹುಳದ ಮನೆಗೆ ಹೋಗುವ ಮುಂಚೆ ಕೈಕಾಲು ತೊಳೆದು ಸುಣ್ಣದ ಪುಡಿ ತುಳಿದೇ ಹೋಗಬೇಕು. ನಾನು ಪರದೆಯೊಳಗೆ ಮಲಗಿ, ಸೊಳ್ಳೆಗಳು ಹೊರಗಿನಿಂದ ಹಾಡುವುದನ್ನು ಕೇಳುತ್ತ ಆ ಆಷಾಢ ಕಳೆದೆ. ಹಿಂದಿನ ಹುಳದ ಮನೆಯಿಂದ ಹುಳಗಳು ಸೊಪ್ಪು ತಿನ್ನುವ ಶಬ್ದ ಬೇರೆ. ತಗಡಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ನಿಜವಾಗಿ ಮಳೆ ಬಂದ ದಿನ ಎರಡರ ವ್ಯತ್ಯಾಸ ನನಗೆ ಗೊತ್ತಾಗುತ್ತಿರಲಿಲ್ಲ. ಗೌರಮ್ಮನಿಗೆ ಗೊತ್ತಾಗುತ್ತಿತ್ತು. ಮೊದಲ ಹನಿಗೇ ಎದ್ದು ಹೋಗಿ, ನೆಂದ ಸೊಪ್ಪನ್ನು ಹಳೆಯ ಸೀರೆಗಳ ಮೇಲೆ ಹರಡಿ ಆರಿಸುತ್ತಿದ್ದರು. ಒದ್ದೆ ಸೊಪ್ಪು ತಿಂದರೆ ಹುಳಕ್ಕೆ ರೋಗ.

ಆ ಊರಲ್ಲಿ ಒಂದು ಪದ್ಧತಿ ಇದೆ. ಹುಳಗಳು ಸೊಪ್ಪು ಮುಟ್ಟದೆ ಪೊರೆ ಕಳಚುವ ನಾಲ್ಕು ಜ್ವರ ಕಳೆದು, ಕೊನೆಗೆ ಸೊಪ್ಪನ್ನೇ ಬಿಟ್ಟು, ಮೈಯೆಲ್ಲ ಹಳದಿಯಾಗಿ ಹಣ್ಣಾದ ದಿನ ಒಂದು ಮನೆಯವರಿಂದ ಕೆಲಸ ಸಾಗುವುದಿಲ್ಲ. ಒಂದೊಂದೇ ಹಣ್ಣು ಹುಳವನ್ನು ಆಯ್ದು, ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಅಲ್ಲಿ ಅವು ಗೂಡು ಕಟ್ಟುತ್ತವೆ. ಅದಕ್ಕೆ ಅಕ್ಕಪಕ್ಕದವರು ಮುಯ್ಯಾಳಾಗಿ ಬರುತ್ತಾರೆ. ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಕೈ ಕೆಲಸ ಮಾಡುತ್ತಿರುವಾಗ ಬಾಯಿಗೆ ಬಿಡುವು, ಹಾಗಾಗಿ ಯಾರಾದರೂ ಕಥೆ ಹೇಳಬೇಕು. ಆ ಮನೆಯಲ್ಲಿ ಅದು ಪುಟ್ಟಜ್ಜಿಯ ಕೆಲಸ. ಆ ಸಲ ಅಜ್ಜಿಯ ಗಂಟಲು ಕಟ್ಟಿತ್ತು.

ಹಿಂದಿನ ದಿನ ಸಂಜೆ ಸಿದ್ದಣ್ಣ ಬಂದು ಬಾಗಿಲಲ್ಲಿ ನಿಂತ. "ಮೇಷ್ಟ್ರೇ, ನಾಳೀಕೆ ಕಥೆ ನೀವೇ ಯೋಳಿ."

"ನನಗೆಲ್ಲಿ ಬರುತ್ತೆ ಸಿದ್ದಣ್ಣ."

"ಸುಳ್ ಯೋಳ್ಬ್ಯಾಡಿ. ಕಸ ಗುಡಿಸ್ವಾಗ ನಮ್ ಗೌರಿ ನೋಡವ್ಳೆ. ಒಂದ್ ಪಿಂಡಿ ಬರ್ದು ಮಡಗಿದೀರಂತಲ್ಲ."

ಪಿಂಡಿ ನಿಜ. ಮೂವತ್ತು ವರ್ಷದಿಂದ ನಾನು ವಿಜ್ಞಾನದ ಕಥೆಗಳನ್ನು ಬರೆಯುತ್ತ ಬಂದಿದ್ದೆ. ಪತ್ರಿಕೆಗಳಿಗೆ ಕಳಿಸಿದವು ಎಲ್ಲವೂ ವಾಪಸು ಬಂದಿದ್ದವು. ಒಂದು ಮಾತ್ರ ಬರಲಿಲ್ಲ, ಅದರ ಬಗ್ಗೆ ಈಗಲೂ ಸ್ವಲ್ಪ ಆಸೆ ಇದೆ. ಆ ರೂಮಿಗೆ ಬಂದ ಮೇಲೆ, ಸೊಪ್ಪು ತಿನ್ನುವ ಆ ಸದ್ದಿನ ಪಕ್ಕ ಕೂತು, ಹನ್ನೊಂದು ಹಾಳೆಯ ಹೊಸದೊಂದನ್ನು ಬರೆದಿದ್ದೆ. ಬೇರೆ ಯಾವುದನ್ನಾದರೂ ಓದಿದ್ದರೆ ಬಚಾವಾಗುತ್ತಿದ್ದೆ. ಆದರೆ ಬರೆದವನಿಗೆ ಹೊಸದರ ಮೇಲೇ ಮೋಹ. ಆದ್ದರಿಂದಲೇ ಆ ಹದಿನೆಂಟರ ಪಟ್ಟಿ.

ಕಥೆ ಇಷ್ಟು. ಮುಂದೆಂದೋ ಒಂದು ಕಾಲದಲ್ಲಿ ಆಕಾಶದಾಚೆಯಿಂದ ದೊಡ್ಡವರು ಬರುತ್ತಾರೆ. ಅವರು ಎಷ್ಟು ದೊಡ್ಡವರೆಂದರೆ ಅವರ ಮುಖವನ್ನು ಯಾರೂ ಪೂರ್ತಿ ನೋಡಿಲ್ಲ. ಅವರು ಮನುಷ್ಯರನ್ನು ಸಾಕುತ್ತಾರೆ. ಹೊತ್ತು ಹೊತ್ತಿಗೆ ಊಟ, ಬೆಚ್ಚಗಿನ ಮನೆ, ರೋಗವಿಲ್ಲ, ಜಗಳವಿಲ್ಲ. ಒಂದು ವಯಸ್ಸಿಗೆ ಬಂದಾಗ ಪ್ರತಿ ಮನುಷ್ಯನಿಗೂ ಊಟ ಸೇರದೆ, ತನ್ನ ಬದುಕನ್ನೆಲ್ಲ ಹೇಳಿಬಿಡಬೇಕು ಅನ್ನಿಸುತ್ತದೆ. ಮೂರು ದಿನ ಬಿಡದೆ ಹೇಳುತ್ತಾನೆ. ದೊಡ್ಡವರಿಗೆ ಬೇಕಾಗಿದ್ದು ಅದೇ, ಆ ಮಾತಿನ ಎಳೆ. ಅದನ್ನು ಅವರು ಬಿಡಿಸಿಕೊಳ್ಳುತ್ತಾರೆ. ಹೇಳಿ ಮುಗಿಸಿದವನು ಆಮೇಲೆ ಕಾಣಿಸುವುದಿಲ್ಲ. ಚೆನ್ನಾಗಿ ಸಾಕಿದ ಮಾತ್ರಕ್ಕೆ ಅದು ಬದುಕೇ? ಸಾಕಿದವನಿಗೆ ನಾವು ಏನು ಎಂಬುದು ನಮಗೆ ಗೊತ್ತಾಗದೆ ಇದ್ದರೆ ಸುಖವೋ, ಗೊತ್ತಾದರೆ ಸುಖವೋ? ಕೊನೆಯ ಹಾಳೆಯಲ್ಲಿ ಈ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೆ.

ಮರುದಿನ ಎಂಟು ಜನ ಕೂತು ಹುಳ ಆಯುತ್ತಿದ್ದರು. ಓದಿ ಮುಗಿಸಿ, ಕನ್ನಡಕ ಭದ್ರವಾಗಿ ಹಿಡಿದುಕೊಂಡು, ಸಿಟ್ಟಿಗೆ ಕಾದೆ.

ಸಿದ್ದಣ್ಣ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟು ಕೇಳಿದ: "ಗಾಳಿ ಎಂಗ್ ಮಡಗಿದ್ರು?"

"ಯಾರು?"

"ಆ ದೊಡ್ಡೋರು. ಅಷ್ಟ್ ಜನಾನ ಒಂದೇ ಮನೇಲಿ ತುಂಬುದ್ರೆ ಉಸ್ರುಗಟ್ಟಲ್ವಾ? ಅದ್ನ ನೀವು ಬರ್ದೇ ಇಲ್ಲ."

ಮೂಲೆಯಿಂದ ಇನ್ನೊಬ್ಬರು, ಜ್ವರ ಕಾಲದಲ್ಲಿ ಊಟ ಹಾಕಿದ್ದು ತಪ್ಪು ಎಂದರು. ಮತ್ತೊಬ್ಬರು, ಮಳೆಗಾಲವಾದ್ದರಿಂದ ಹಾಸಿಗೆಯನ್ನು ದಿನವೂ ಬದಲಾಯಿಸಬೇಕಿತ್ತು ಎಂದರು. ನನ್ನ ಕಥೆಯಲ್ಲಿ ಅವರೆಲ್ಲ ದೊಡ್ಡವರ ಪಕ್ಷ ವಹಿಸಿಕೊಂಡುಬಿಟ್ಟಿದ್ದರು. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ಮೊದಲ ವಿಮರ್ಶೆ, ಸಾಕಣೆಯ ಲೋಪದೋಷದ ಬಗ್ಗೆ.

"ಅಲ್ಲ ಸಿದ್ದಣ್ಣ, ಅವರನ್ನು ಸಾಕುತ್ತಿರುವುದು ಯಾಕೆ ಎಂದು ಆ ಜನಕ್ಕೆ ಗೊತ್ತಿಲ್ಲವಲ್ಲ. ಅದು ಅನ್ಯಾಯ ಅಲ್ಲವಾ?" ಎಂದೆ.

"ನಮ್ಗ್ ಮಾತ್ರ ಗೊತ್ತಾ ಮೇಷ್ಟ್ರೇ, ನಮ್ಮುನ್ ಯಾಕ್ ಸಾಕ್ತಾವ್ರೆ ಅಂತ?" ಎಂದ ಸಿದ್ದಣ್ಣ, ಇನ್ನೊಂದು ಹುಳ ಎತ್ತಿಕೊಂಡು.

ಪುಟ್ಟಜ್ಜಿ ಕಟ್ಟಿದ ಗಂಟಲಲ್ಲೇ ಕೇಳಿದರು: "ಅದಿರ್ಲಿ. ಆ ದೊಡ್ಡೋರ್ಗೆ ಸೊಪ್ಪ್ ಆಕೋರು ಯಾರು?"

ಅಲ್ಲೇ ಕೂತಿದ್ದ ಎಂಟು ಜನ ಅದರ ಮೇಲೆ ಒಂದು ಗಂಟೆ ಮಾತಾಡಿದರು. ದೊಡ್ಡವರ ಮೇಲೆ ಇನ್ನೂ ದೊಡ್ಡವರಿದ್ದರೆ ಅವರಿಗೆ ಎಳೆ ಕೊಡುವವರು ಈ ದೊಡ್ಡವರೇ ಆಗಬೇಕು, ಹಾಗಾದರೆ ಅವರೂ ಪಾಪ ಎಂಬಲ್ಲಿಗೆ ಬಂತು. ನಾನು ಅಷ್ಟು ಯೋಚಿಸಿಯೇ ಇರಲಿಲ್ಲ. ಹುಳ ಆಯುತ್ತ, ಡೈರಿಯ ಪಟ್ಟಿಯಲ್ಲಿ ಒಂದೊಂದೇ ನಂಬರನ್ನು ಮನಸ್ಸಿನಲ್ಲೇ ಹೊಡೆದುಹಾಕುತ್ತ ಹೋದೆ.

ಗೌರಮ್ಮ ಇಷ್ಟು ಹೊತ್ತೂ ಹುಳ ಆಯುತ್ತಲೇ ಇದ್ದರು. ಎಲ್ಲರೂ ಏಳುವಾಗ ನನ್ನ ಹತ್ತಿರ ಬಂದು, ಉಳಿದವರಿಗೂ ಕೇಳಿಸುವ ಹಾಗೆ, "ಬುಟ್ಟಿದ್ರೆ ಏನಾಯ್ತಿದ್ರು ಮೇಷ್ಟ್ರೇ?" ಎಂದರು.

"ಯಾರನ್ನು?"

"ಆ ಜನುನ್ನ. ಯೋಳಾದ್ ಮುಗಿದ್ಮೇಲೆ ದೊಡ್ಡೋರು ಅವ್ರುನ್ನ ಅಂಗೇ ಬುಟ್ಬುಟ್ಟಿದ್ರೆ, ಅವ್ರು ಏನಾಯ್ತಿದ್ರು?"

"ಗೊತ್ತಿಲ್ಲ ಗೌರಮ್ಮನವರೇ. ಅಲ್ಲಿಗೆ ಕಥೆ ಮುಗಿಯಿತು."

"ಬರ್ದೋರ್ಗೇ ಗೊತ್ತಿಲ್ವಾ," ಎಂದು ಅವರು ಕೈ ತೊಳೆಯಲು ಹೋದರು.

ಆರನೆಯ ದಿನ ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯಬೇಕು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಬರುತ್ತದೆ. ತೂತಾದ ಗೂಡಿನಿಂದ ಎಳೆ ಬಿಡಿಸಲು ಆಗುವುದಿಲ್ಲ. ಆ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಸಿದ್ದಣ್ಣ ನನ್ನ ರೂಮಿಗೆ ಬಂದು ಕುರ್ಚಿಯ ಮೇಲೆ ಕೂತ. ಎಂದೂ ಕೂತವನಲ್ಲ.

"ಒಂದ್ ಚಂದ್ರಿಕೆ ಬುಡ್ಸಾಕಿಲ್ಲ ಅಂತಾವ್ಳೆ ಗೌರಿ."

"ಯಾಕಂತೆ?"

"ಚಿಟ್ಟೆ ಆಗಾದ್ ನೋಡ್ಬೇಕಂತೆ." ಸಿದ್ದಣ್ಣ ತಲೆಯ ಮೇಲಿನ ಟವಲು ತೆಗೆದು ಮತ್ತೆ ಹಾಕಿಕೊಂಡ. "ಒಂದ್ ಚಂದ್ರಿಕೆ ಓಗ್ಲಿ ಮೇಷ್ಟ್ರೇ, ಅದಲ್ಲ. ಇನ್ನ್ ಹತ್ತ್ ದಿನುಕ್ಕೆ ಮರಿ ಉಳ ಬತ್ತವೆ. ಚಿಟ್ಟೆ ಎದ್ದು ಅದ್ರ್ ಪುಡಿ ಗಿಡಿ ಉಳದ್ ಮನೇಲಿ ಬಿದ್ದು, ಎಲ್ಲಾದ್ರೂ ರೋಗ ಇದ್ರೆ ಮುಂದ್ಲು ಬೆಳೆ ಪೂರಾ ಓಯ್ತದೆ. ಇಪ್ಪತ್ತೆರಡ್ ವರ್ಷದಿಂದ ಅವ್ಳೇ ನಮ್ಗೆಲ್ಲ ಯೋಳ್ಕೊಟ್ಟಿರಾದು ಇದ್ನ. ಈಗ ಅವ್ಳೇ ಇಂಗಂತಾವ್ಳೆ. ನೀವೇ ಯೋಳಿ, ಆ ಕಥೆ ಸುಳ್ಳು ಅಂತ."

ನಾನು ತಕ್ಷಣ ಒಪ್ಪಿಕೊಂಡೆ. ನಾಚಿಕೆಯಿಂದ ಬರೆಯುತ್ತಿದ್ದೇನೆ: ಒಂದು ಕ್ಷಣವೂ ಯೋಚಿಸಲಿಲ್ಲ. ಒಂದು ಕುಟುಂಬದ ಮುಂದಿನ ಬೆಳೆ, ನನ್ನ ಹನ್ನೊಂದು ಹಾಳೆ. ತೂಗಲು ತಕ್ಕಡಿಯೇ ಬೇಡ. ಗೌರಮ್ಮ ಹಿತ್ತಲಲ್ಲಿ ಬಿದಿರು ತಟ್ಟೆ ತೊಳೆಯುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, ಆ ಕಥೆ ಬರೀ ಕಲ್ಪನೆ, ಆಕಾಶದಾಚೆ ಯಾರೂ ಇಲ್ಲ, ಇದ್ದರೂ ಹೀಗಿರಲಿಕ್ಕಿಲ್ಲ, ಸುಳ್ಳು ಕಥೆಗೋಸ್ಕರ ನಿಜವಾದ ಬೆಳೆ ಕೆಡಿಸಿಕೊಳ್ಳಬೇಡಿ ಎಂದು ತರಗತಿಯಲ್ಲಿ ಹೇಳುವ ಹಾಗೆ ಹೇಳಿದೆ.

ಅವರು ತಟ್ಟೆ ಕೆಳಗಿಟ್ಟರು. "ಸುಳ್ಳು ಅಂತ ನಂಗೂ ಗೊತ್ತು ಕನ ಮೇಷ್ಟ್ರೇ. ಸುಳ್ಳು ಅಂತ್ಲೇ ಅಲ್ವಾ ಕೇಳಾಕಾಗಿದ್ದು. ಇದೇ ಮಾತ್ನ ನಮ್ ಉಳದ್ ಬಗ್ಗೆ ಕೇಳಿದ್ರೆ ಇವ್ರು ಬಾಯ್ ಮುಚ್ಕಂಡ್ ಕೆಲ್ಸ ಮಾಡು ಅಂತಿದ್ರು. ಆಕಾಸ್ದೋರ ಬಗ್ಗೆ ಕೇಳಿದ್ಕೆ ಎಲ್ಲಾರೂ ಕೇಳಿಸ್ಕಂಡ್ರು."

ಗೌರಮ್ಮ ತಟ್ಟೆಯನ್ನು ಮತ್ತೆ ಎತ್ತಿಕೊಂಡು ತೊಳೆಯತೊಡಗಿದರು.

"ಏಳ್ನೇ ಕ್ಲಾಸ್ಗೆ ಸ್ಕೂಲ್ ಬುಡ್ಸಿದ್ರು ನನ್ನ. ಸಾಕಾದ್ರಲ್ಲಿ ಏನೂ ಕಮ್ಮಿ ಮಾಡ್ಲಿಲ್ಲ ನಮ್ಮಪ್ಪ. ಇವ್ರೂ ಮಾಡ್ಲಿಲ್ಲ, ಸುಳ್ಳ್ಯಾಕ್ ಯೋಳ್ಲಿ. ಆದ್ರೆ ಬುಟ್ಟಿದ್ರೆ ಏನಾಯ್ತಿದ್ನೋ ಅದು ಯಾರಿಗೂ ಗೊತ್ತಿಲ್ಲ. ಅದ್ನಂತೂ ಇನ್ ನೋಡಾಕಾಗಲ್ಲ. ಇದ್ನಾದ್ರೂ ನೋಡ್ತೀನಿ." ನೀರು ಚೆಲ್ಲಿ ಎದ್ದರು. "ಉಳದ್ ಮನೇಲಿ ಮಡಗ್ಬ್ಯಾಡ ಅಂದ್ರೆ ಮಡಗಲ್ಲ. ನಿಮ್ ರೂಮಲ್ಲಿ ಮಡಗ್ತೀನಿ. ಕಥೆ ನಿಮ್ದೇ ಅಲ್ವಾ."

ಸಿದ್ದಣ್ಣನಿಗೆ ಇದು ನ್ಯಾಯವಾಗಿ ಕಂಡಿತು. ನನ್ನನ್ನು ಯಾರೂ ಕೇಳಲಿಲ್ಲ.

ಹೀಗೆ ನಾಲ್ಕೈದು ದಿನ ನಾನು ಒಂದು ಚಂದ್ರಿಕೆ ಗೂಡಿನ ಜೊತೆ ಸಂಸಾರ ಮಾಡಿದೆ. ನನಗೆ ಹುಳದ ಮನೆಗೆ ಕಾಲಿಡಲು ನಿಷೇಧ; ನನ್ನ ಬಾಗಿಲ ಮುಂದೆ ಸುಣ್ಣದ ಗೆರೆ. ದಿನಕ್ಕೆ ನಾಲ್ಕು ಸಲ ಗೂಡನ್ನು ಕಿವಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದೆ. ಎಲ್ಲವೂ ಸತ್ತುಹೋಗಿದ್ದರೆ? ನನ್ನ ಫ್ಯಾನ್ ಗಾಳಿಗೆ ಒಣಗಿದ್ದರೆ? ಶೋಭಾಗೆ ಫೋನ್ ಮಾಡಿ ಹೇಳಿದೆ. ಅವಳು ಸುಮ್ಮನಿರಲಿಲ್ಲ. "ಫ್ಯಾನ್ ಆರಿಸಿ. ನಾನೂ ನೋಡಿಲ್ಲ ಅದನ್ನು. ಎದ್ದ ದಿನ ವಿಡಿಯೊ ಕಳಿಸಿ," ಎಂದಳು. ಸೆಕೆ, ಸೊಳ್ಳೆ, ಪರದೆ, ಪಕ್ಕದಲ್ಲಿ ಚಂದ್ರಿಕೆ. ಕೆಂಗಲ್ ಆಂಜನೇಯನಿಗೆ ಒಂದು ಹರಕೆಯನ್ನೂ ಹೇಳಿಕೊಂಡೆ. ವಿಜ್ಞಾನದ ಮೇಷ್ಟ್ರಾದ್ದರಿಂದ ಮನಸ್ಸಿನಲ್ಲೇ.

ಒಂದು ಬೆಳಿಗ್ಗೆ, ಹೊರಗೆ ಆಗಷ್ಟೇ ಬೆಳಕು ಹರಿಯುವಾಗ, ಒಂದು ಗೂಡಿನ ತುದಿ ಒದ್ದೆಯಾದದ್ದು ಕಂಡಿತು. ಓಡಿ ಹೋಗಿ ಕರೆದೆ. ಮೂವರೂ ಬಂದರು. ಸಿದ್ದಣ್ಣ ಬಾಗಿಲಲ್ಲೇ ನಿಂತ, ಪುಟ್ಟಜ್ಜಿ ನನ್ನ ಮಂಚದ ಮೇಲೆ ಕೂತರು, ಗೌರಮ್ಮ ನೆಲದ ಮೇಲೆ ಚಂದ್ರಿಕೆಯ ಎದುರು ಕೂತರು. ಎಳೆಗಳು ಪಕ್ಕಕ್ಕೆ ಸರಿದು ಮೊದಲು ತಲೆ ಬಂತು, ಆಮೇಲೆ ಒದ್ದೆ ಮುದ್ದೆಯಂಥ ಮೈ. ನಿಧಾನವಾಗಿ ರೆಕ್ಕೆ ಬಿಚ್ಚಿ ಬೆಳ್ಳಗಾಯಿತು. ಅದರ ಹಿಂದೆ ಇನ್ನೊಂದು. ಅರ್ಧ ಗಂಟೆಯಲ್ಲಿ ಚಂದ್ರಿಕೆಯ ಮೇಲೆಲ್ಲ ರೆಕ್ಕೆ.

ಸಿದ್ದಣ್ಣನಿಗೆ ತಡೆಯಲಾಗಲಿಲ್ಲ. ಒಳಗೆ ಬಂದು ಒಂದನ್ನು ಅಂಗೈ ಮೇಲೆ ಹತ್ತಿಸಿಕೊಂಡು ಕಿಟಕಿಯ ಹತ್ತಿರ ಒಯ್ದ. ಮೆಲ್ಲಗೆ ಊದಿದ. ಅದು ರೆಕ್ಕೆ ಬಡಿಯಿತು, ಬಡಿಯುತ್ತಲೇ ಇತ್ತು, ಅಂಗೈ ಬಿಟ್ಟು ಏಳಲಿಲ್ಲ.

"ಆರಾಕಿಲ್ಲ," ಎಂದ. ಇಷ್ಟೇನಾ ಎಂಬ ಬೇಸರ ಸಿದ್ದಣ್ಣನ ದನಿಯಲ್ಲಿತ್ತು. ಹಾರಲಿ ಎಂದು ಆ ಮನುಷ್ಯನೂ ಒಳಗೊಳಗೇ ಬಯಸಿದ್ದನೆಂದು ನನಗೆ ಆಗಲೇ ಗೊತ್ತಾದದ್ದು.

ನನಗೆ ಗೊತ್ತಿತ್ತು. ಸಾವಿರಾರು ವರ್ಷ ಸಾಕಿ ಸಾಕಿ ಇವು ಹಾರುವುದನ್ನು ಮರೆತಿವೆ ಎಂದು ಪಾಠವನ್ನೇ ಮಾಡಿದ್ದೆ. ಹೇಳಲು ಧೈರ್ಯ ಬಂದಿರಲಿಲ್ಲ. ಈಗ ಹೇಳಿದೆ. ಇನ್ನೊಂದನ್ನೂ ಹೇಳಿಬಿಟ್ಟೆ: ಇವು ಇನ್ನು ಮುಂದೆ ಏನನ್ನೂ ತಿನ್ನುವುದಿಲ್ಲ, ತಿನ್ನುವ ಬಾಯೇ ಇಲ್ಲ, ನಾಲ್ಕೈದು ದಿನ ಬದುಕಿರುತ್ತವೆ. ಹೇಳಿ, ಗೌರಮ್ಮನ ಮುಖ ನೋಡಲಾಗದೆ ನೆಲ ನೋಡಿದೆ. ಇಷ್ಟೆಲ್ಲ ಮಾಡಿ ಅವರಿಗೆ ಸಿಕ್ಕಿದ್ದು ಇದೇ ತಾನೇ.

ಗೌರಮ್ಮ ಒಂದು ಚಿಟ್ಟೆಯ ಮುಂದೆ ಹಿಪ್ಪುನೇರಳೆ ಎಲೆಯ ಚೂರು ಹಿಡಿದರು. ಅದು ಎಲೆಯನ್ನು ಮುಟ್ಟಿ, ಬಳಸಿಕೊಂಡು, ಮುಂದಕ್ಕೆ ನಡೆದುಹೋಯಿತು. ಮತ್ತೆ ಹಿಡಿದರು. ಮತ್ತೆ ನಡೆದುಹೋಯಿತು. ಇಪ್ಪತ್ತೆರಡು ವರ್ಷದಲ್ಲಿ ಅವರು ಕೊಟ್ಟ ಎಲೆಯನ್ನು ಬೇಡವೆಂದ ಮೊದಲ ಹುಳ ಅದು.

"ಅಂಗಾದ್ರೆ," ಎಂದರು ನಿಧಾನವಾಗಿ, "ಇವುಕ್ಕೆ ಇನ್ ಯಾರ್ ಸೊಪ್ಪೂ ಬ್ಯಾಡ."

"ಊಂ."

"ನನ್ ಸೊಪ್ಪೂ ಬ್ಯಾಡ." ಅವರು ನಗುತ್ತಿದ್ದರು.

ಗಂಡು ಚಿಟ್ಟೆಗಳು ರೆಕ್ಕೆ ಬಡಿಯುತ್ತ ಹೆಣ್ಣುಗಳ ಸುತ್ತ ಗಿರಗಿರನೆ ತಿರುಗಲು ಶುರುಮಾಡಿದ್ದವು. ಪುಟ್ಟಜ್ಜಿ ಮಂಚದಿಂದಲೇ ಅಂದರು: "ಆರಾಕಿಲ್ದೆ ಇದ್ರೇನ್ಲಾ ಸಿದ್ದ, ಕೆಲ್ಸಕ್ಕೇನೂ ಕಮ್ಮಿ ಇಲ್ಲ." ಸಿದ್ದಣ್ಣ ನಾಚಿಕೊಂಡು ತೋಟಕ್ಕೆ ಹೋದ.

ಮುಂದಿನ ಬೆಳೆ ಕೆಡಲಿಲ್ಲ. ಆ ಮಳೆಗಾಲದಲ್ಲಿ ಊರಲ್ಲೆಲ್ಲ ಚೆನ್ನಾಗಿ ಬಂದದ್ದು ಅದೇ ಎಂದು ಸಿದ್ದಣ್ಣ ಈಗಲೂ ಹೇಳುತ್ತಾನೆ. ಮುಯ್ಯಾಳಿನ ದಿನ ದೊಡ್ಡವರ ಮಾತು ಬಂದೇ ಬರುತ್ತಿತ್ತು. ನಾಯಿಗಳ ಕಡೆಯಿಂದ ನೋಡಿದರೆ ನಾವು ಯಾರು, ಮರೆತದ್ದನ್ನು ಮತ್ತೆ ಕಲಿಯಲು ಎಷ್ಟು ತಲೆಮಾರು ಬೇಕು, ಇಂಥವು. ಗೌರಮ್ಮ ಚನ್ನಪಟ್ಟಣಕ್ಕೆ ಹೋಗಿ, ಹೊರಗಿನಿಂದಲೇ ಹತ್ತನೇ ತರಗತಿ ಪರೀಕ್ಷೆ ಕಟ್ಟಲು ಏನು ಮಾಡಬೇಕೆಂದು ವಿಚಾರಿಸಿಕೊಂಡು ಬಂದರು. ವಿಜ್ಞಾನದ ಪಾಠ ನನ್ನದೇ. ಪ್ರಶ್ನೆಗಳು ಪುಸ್ತಕದ ಹೊರಗಿನವೇ ಹೆಚ್ಚು.

ಕೆಟ್ಟದ್ದು ಒಂದೇ, ಅದೂ ಸಣ್ಣದು. ಚಿಟ್ಟೆ ಏಳುವಾಗ ಕಂದು ಬಣ್ಣದ ನೀರು ಬಿಡುತ್ತದೆ, ನೆಲ ಕರೆಯಾಗುತ್ತದೆಂದು ಪುಟ್ಟಜ್ಜಿ ಹಿಂದಿನ ಸಂಜೆಯೇ ಚಂದ್ರಿಕೆಯ ಕೆಳಗೆ ಕಾಗದ ಹಾಸಿದ್ದರು. ನನ್ನ ಮೇಜಿನ ಮೇಲೆ ಸಿಕ್ಕಿದ ಕಾಗದ. ಎರಡು ದಿನ ಬಿಟ್ಟು ನೋಡಿದಾಗ ನನ್ನ ಕಥೆಯ ಹನ್ನೊಂದು ಹಾಳೆಯ ಮೇಲೂ ಚಿಟ್ಟೆಗಳು ಸಾಸಿವೆಯಂಥ ಹಳದಿ ಮೊಟ್ಟೆಗಳನ್ನು ಸಾಲು ಸಾಲಾಗಿ ಇಟ್ಟಿದ್ದವು, ನನ್ನ ಅಕ್ಷರಕ್ಕಿಂತ ಒಪ್ಪವಾಗಿ. "ಒಂದ್ ಮಗ್ಗುಲು ಖಾಲಿ ಇತ್ತಲ್ಲ ಮೇಷ್ಟ್ರೇ," ಎಂದರು ಅಜ್ಜಿ. ರೋಗದ ಪರೀಕ್ಷೆ ಮಾಡಿಸದ ಮೊಟ್ಟೆ, ಊರಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಸಿದ್ದಣ್ಣ ಎಲ್ಲವನ್ನೂ ಸುತ್ತಿ ತೋಟದ ಬದುವಿಗೆ ಒಯ್ದು ಸುಟ್ಟುಬಿಟ್ಟ. ನನ್ನಲ್ಲಿ ಬೇರೆ ಪ್ರತಿ ಇರಲಿಲ್ಲ.

ಆ ಮುಂದಿನ ಬೆಳೆಯ ಹುಳ ಹಣ್ಣಾದ ದಿನ ಎಲ್ಲರೂ ಮತ್ತೆ ಆ ಕಥೆಯನ್ನೇ ಕೇಳಿದರು. ಹಾಳೆ ಇಲ್ಲವಲ್ಲ ಎಂದೆ. "ಓಗ್ಲಿ ಬುಡಿ, ನಂಗೆ ಬಾಯ್ಪಾಠ ಐತೆ. ಒಸಿ ತಿದ್ದಿವ್ನಿ," ಎಂದು ಗೌರಮ್ಮ ಶುರುಮಾಡಿದರು. ಅವರ ಕಥೆಯಲ್ಲಿ ಗಾಳಿ ಬರಲು ಕಿಟಕಿಗಳಿದ್ದವು. ದೊಡ್ಡವರಲ್ಲಿ ಒಬ್ಬ ಹೆಂಗಸಿದ್ದಳು, ನನ್ನ ಕಥೆಯಲ್ಲಿ ಯಾವತ್ತೂ ಇರದವಳು; ಅವಳು ಒಂದೇ ಒಂದು ಮನೆಯ ಬಾಗಿಲನ್ನು ಮುಚ್ಚದೆ ಮರೆತ ಹಾಗೆ ಬಿಟ್ಟುಹೋದಳು.

"ಅಲ್ಲ, ನಾನು ಬರೆದದ್ದು ಹಾಗಲ್ಲ," ಎಂದು ನಾನು ಬಾಯಿ ತೆರೆದೆ.

"ಸುಮ್ಕಿರಿ ಮೇಷ್ಟ್ರೇ," ಎಂದರು ಪುಟ್ಟಜ್ಜಿ. "ಕಥೆ ಯೋಳ್ವಾಗ ಮಧ್ಯ ಬಾಯಾಕ್ಬಾರ್ದು."

ನಾನು ತಲೆ ತಗ್ಗಿಸಿ ಹುಳ ಆಯುತ್ತ ಕೇಳಿದೆ. ಬಾಗಿಲು ತೆರೆದಿದ್ದ ಆ ಮನೆಯವರು ಆಮೇಲೆ ಏನಾದರೆಂದು ನನಗೂ ಗೊತ್ತಿರಲಿಲ್ಲ.